ಹುಗ್ಗಿಯ ದಂಡಸಂಹಿತೆ

ಬೇಕಾಬಿಟ್ಟಿ ಗಾಡಿ ಓಡಿಸುವವರಿಗೆ ಸರಕಾರ ದಂಡ ಹೆಚ್ಚಿಸಿತು ಎಂಬ ಸುದ್ದಿ ಪೇಪರಿನಲ್ಲಿ ಬಂದ ದಿನ ಊರಿನಿಂದ ಕಾಕಾನ ಫೋನು ಬಂತು. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ನಾನು ಜಮಖಂಡಿಯ ಕೋರ್ಟಿನಲ್ಲಿ ವಕೀಲಿ ಮಾಡುವವನು. ದೇಶದಲ್ಲಿ ಯಾವ ಕಾನೂನು ಬದಲಾದರೂ ಅದನ್ನು ನನ್ನನ್ನು ಕೇಳಿಯೇ ಮಾಡಿರುತ್ತಾರೆ ಎಂದು ನಂಬಿರುವ ಕೆಲವೇ ಜನರಲ್ಲಿ ಅವನೊಬ್ಬ. ಹೊಸ ದಂಡ ಎಷ್ಟು, ಜೈಲು ಎಷ್ಟು ಎಂದು ವಿಚಾರಿಸಿದ. ನಾನು ಪೇಪರು ನೋಡಿಕೊಂಡೇ, ಆದರೆ ಬಾಯಿಪಾಠವಿದ್ದವನ ಗತ್ತಿನಲ್ಲಿ ಹೇಳಿದೆ. 

"ಇಷ್ಟನ?" ಅಂದ.

ಫೋನು ಇಟ್ಟುಬಿಟ್ಟ. ಅವನ ದನಿಯಲ್ಲಿದ್ದದ್ದು ಸೊಕ್ಕಲ್ಲ. ಇದಕ್ಕಿಂತ ಕಠಿಣವಾದ ಕಾಯ್ದೆಯ ಕೆಳಗೆ ಶಿಕ್ಷೆ ಅನುಭವಿಸಿ ಬಂದವನ ಬೇಸರ ಅದು. ಆ ಕಾಯ್ದೆ ಯಾವ ಗೆಜೆಟ್ಟಿನಲ್ಲೂ ಪ್ರಕಟವಾಗಿಲ್ಲ. ಅದು ಜಾರಿಗೆ ಬಂದದ್ದು ನಮ್ಮೂರ ಬೀರೇಶ್ವರ ಗುಡಿಯ ಕಟ್ಟೆಯ ಮೇಲೆ, ತಿದ್ದುಪಡಿಗಳ ಸಮೇತ. ಅದರ ಇತಿಹಾಸವನ್ನು ಬಲ್ಲ ವಕೀಲ ನಾನೊಬ್ಬನೇ ಆದ್ದರಿಂದ ಇಲ್ಲಿ ಬರೆದಿಡುತ್ತೇನೆ.

ನಮ್ಮೂರು ಹಿಪ್ಪರಗಿಯ ಬ್ಯಾರೇಜಿನ ಕಡೆ. ನಾವು ತಲೆತಲಾಂತರದಿಂದ ಕುರಿ ಕಾಯುತ್ತ, ನಡುನಡುವೆ ಜೋಳ ಬಿತ್ತುತ್ತ ಬಂದವರು. ಬಿಜಾಪುರದಿಂದ ಒಡೆದು ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ನಾನು ಕಾಲೇಜಿನಲ್ಲಿದ್ದೆ. ಜಿಲ್ಲೆ ಬದಲಾದದ್ದು ನಮ್ಮೂರಿಗೆ ಅಷ್ಟಾಗಿ ತಿಳಿಯಲಿಲ್ಲ. ತಿಳಿದದ್ದು ಮುಂದೆ ಕೆಲವು ವರ್ಷಕ್ಕೆ, ಬ್ಯಾರೇಜಿನಲ್ಲಿ ನೀರು ನಿಂತಾಗ. ಆ ಕಡೆ ಬೀಳಗಿಯ ಜನ ಕೆಳಗಿನ ದೊಡ್ಡ ಅಣೆಕಟ್ಟಿನ ನೀರು ಬಂತೆಂದು ಊರು ಬಿಟ್ಟರು. ಈ ಕಡೆ ನಾವು ನೀರು ಬಂತೆಂದು ಕಬ್ಬು ಹಚ್ಚಿದೆವು. ಜೋಳದ ಹೊಲ, ಕುರಿ ಮೇಯುವ ಬೀಳು, ಎತ್ತಿನ ಗಾಡಿಯ ದಾರಿಯ ಅಂಚು, ಎಲ್ಲ ಕಡೆ ಕಬ್ಬು ಎದ್ದು ನಿಂತಿತು. ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಮೇಲೆ ಕಾಕಾ ಬಂದ.

ಅವನ ಟ್ರ್ಯಾಕ್ಟರನ್ನು ವರ್ಣಿಸದೆ ಮುಂದೆ ಹೋಗುವುದು ಸಾಕ್ಷ್ಯ ಮುಚ್ಚಿಟ್ಟಂತೆ. ಹಿಂದೆ ಎರಡು ಟ್ರೇಲರ್, ಮುಂದೆ ಬಾನೆಟ್ಟಿಗೆ ಹೂವಿನ ಹಾರ, ತಲೆಯ ಮೇಲೆ ಬಣ್ಣದ ಲೈಟು, ಎರಡೂ ಮಡ್‌ಗಾರ್ಡಿನ ಹತ್ತಿರ ಎಳೆಗರುವಿನ ಗಾತ್ರದ ಸ್ಪೀಕರ್ ಪೆಟ್ಟಿಗೆ. ಹಾಡಿನ ಡೆಕ್ಕು ಹಚ್ಚಿದನೆಂದರೆ ಬನಹಟ್ಟಿಯ ನೇಕಾರರ ಮಗ್ಗ ನಿಂತವೋ ಏನೋ ಎಂದು ಅಪ್ಪ ಅನ್ನುತ್ತಿದ್ದರು. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಹಚ್ಚಬೇಕು, ಪಾಳಿಯಲ್ಲಿ ನಿಂತಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ, ಆದ್ದರಿಂದ ಉಳಿದವರಿಗಿಂತ ಮೊದಲು ಹೋಗಿ ಮುಟ್ಟಬೇಕು. ಹೋಗುವಾಗಿನ ಅವಸರಕ್ಕೆ ಅವನ ಸಮಜಾಯಿಷಿ ಇದು. ಬರುವಾಗಿನ ಅವಸರಕ್ಕೆ ಬೇರೆಯೇ ಇತ್ತು. ಬನಹಟ್ಟಿಯಲ್ಲಿ ಆಯಿಗೆಂದು ಕಟ್ಟಿಸಿಕೊಂಡ ಕಾಂದಾ ಭಜಿ ಆರಬಾರದು.

ಆಯಿ ಎಂದರೆ ಅಪ್ಪನಿಗೂ ಕಾಕಾನಿಗೂ ಅವ್ವ, ನನಗೆ ಅಜ್ಜಿ. ಮನೆಗೆ ಟ್ರ್ಯಾಕ್ಟರ್ ಬಂದರೂ ಆಕೆ ಕುರಿ ಬಿಟ್ಟಿರಲಿಲ್ಲ. ಹಿಂಡು ಸಣ್ಣದಾಗಿತ್ತು, ಮೇಯಿಸುವ ಜಾಗ ಇನ್ನೂ ಸಣ್ಣದಾಗಿತ್ತು. ಆದರೂ ಮುಂಜಾನೆ ದಡ್ಡಿಯಿಂದ ಕುರಿ ಬಿಟ್ಟುಕೊಂಡು ರಸ್ತೆ ದಾಟಿ ಕಾಲುವೆಯ ಏರಿಗೆ ಹೋಗುವಳು, ಸಂಜೆ ಅದೇ ರಸ್ತೆ ದಾಟಿ ಹೊಡೆದುಕೊಂಡು ಬರುವಳು. ಇನ್ನು ಸಾಕು ಎಂದು ಅಪ್ಪ ಹೇಳಿದಾಗ, ಕುರಿ ಬಿಟ್ಟು ಕಬ್ಬು ಕಾಯಲೇನು, ಅದು ಎಲ್ಲಿ ಓಡಿ ಹೋಗುತ್ತದೆ ಎಂದು ಕೇಳಿದಳು. 

ಆಯಿಗೆ ಕಿವಿ ಕೇಳುತ್ತಿರಲಿಲ್ಲ. ಬಲಗಿವಿಯ ಹತ್ತಿರ ಬಾಯಿಟ್ಟು ಒದರಿದರೆ ಮಾತ್ರ ಮುಟ್ಟುತ್ತಿತ್ತು. ಆಕೆ ರಸ್ತೆ ದಾಟುತ್ತಿದ್ದದ್ದು ಗುಡಿಯ ಆಚೆಯ ತಿರುವಿನಲ್ಲಿ. ಆ ತಿರುವಿನ ಒಳಮೂಲೆಗೆ ಇದ್ದದ್ದು ನಮ್ಮದೇ ಹೊಲ. ಜೋಳವಿದ್ದ ಕಾಲದಲ್ಲೂ ಕೊಯ್ಲು ಮುಗಿದರೆ ಅಲ್ಲಿಂದ ಆಚೆಯ ಊರಿನ ಗುಡ್ಡದವರೆಗೆ ಕಾಣುತ್ತಿತ್ತು. ಕಬ್ಬು ಬಂದ ಮೇಲೆ ತಿರುವಿನ ಆಚೆ ಆನೆ ನಿಂತರೂ ಕಾಣುವಂತಿರಲಿಲ್ಲ. ಹೀಗಾಗಿ ಒಂದು ಕಡೆಯಿಂದ ಕಿವಿ ಕೇಳದ ಅವ್ವ, ಇನ್ನೊಂದು ಕಡೆಯಿಂದ ಡೆಕ್ಕಿನ ಅಬ್ಬರದಲ್ಲಿ ತಾನೂ ಕಿವುಡನಾದ ಮಗ, ನಡುವೆ ಕಬ್ಬು. ಅಪ್ಪನಿಗೆ ಹಗಲೂ ರಾತ್ರಿ ಇದೇ ಕಣ್ಣಿಗೆ ಕಟ್ಟುತ್ತಿತ್ತು. ಕಾಕಾನಿಗೆ ಹೇಳಿದರೆ ನಕ್ಕು, "ನಾ ಹಾರ್ನ್ ಹೊಡೀತೇನಲ್ಲ ಅಣ್ಣಾ" ಅನ್ನುತ್ತಿದ್ದ. ಕಿವಿ ಕೇಳದವಳಿಗೆ ಹಾರ್ನು ಹೊಡೆದು ಏನು ಎಂದು ಅಪ್ಪ ಕೇಳುವಷ್ಟರಲ್ಲಿ ಟ್ರ್ಯಾಕ್ಟರ್ ಗುಡಿ ದಾಟಿರುತ್ತಿತ್ತು.

ಆದರೆ ಕಾನೂನು ಮಾಡಲು ಬರಿಯ ಭಯ ಸಾಲದು, ಅಪರಾಧ ನಡೆಯಬೇಕು. ಮೊದಮೊದಲು ಹೋದದ್ದು ಕೋಳಿಗಳು. ಓಣಿಯ ನಾಯಿಗಳಿಗೂ ಅಪಾಯವಿತ್ತು. ನಮ್ಮ ಮನೆಯ ಮುಧೋಳ ನಾಯಿ ಮಾತ್ರ ಟ್ರ್ಯಾಕ್ಟರಿಗಿಂತ ಜೋರಾಗಿ ಓಡುತ್ತಿದ್ದುದರಿಂದ ಆಯುಷ್ಯ ತೀರಿಸಿಕೊಂಡೇ ಹೋಯಿತು. ಕೊನೆಗೆ ಒಂದು ದಿನ ಕಾಕಾನ ಹಿಂದಿನ ಟ್ರೇಲರ್ ತಿರುಗುವಾಗ ಗುಡಿಯ ಕಟ್ಟೆಯ ಮೂಲೆಗೆ ಬಡಿದು ಮೂರ್ನಾಲ್ಕು ಕಲ್ಲು ಕಿತ್ತುಕೊಂಡು ಹೋಯಿತು. ಅದು ಹಿರಿಯರು ಕೂರುವ ಕಟ್ಟೆ. ಕೋಳಿ ಸತ್ತಾಗ ಸಮಾಧಾನ ಹೇಳಿದ್ದವರು, ನ್ಯಾಯಪೀಠದ ಮೇಲೆಯೇ ಗಾಡಿ ಹಾಯ್ದಾಗ ಎಚ್ಚೆತ್ತರು. ಪೊಲೀಸರ ಹತ್ತಿರ ಹೋಗುವ ಮಾತು ಬಂತು, ನಿಲ್ಲಲಿಲ್ಲ. ಊರಿನ ಹುಡುಗನನ್ನು ಊರೇ ತಿದ್ದಬೇಕೆಂಬುದು ಹಳೆಯ ರೂಢಿ. ಅದೂ ಅಲ್ಲದೆ ಹಿಂದೊಮ್ಮೆ ಪೊಲೀಸರು ಅವನನ್ನು ಜಮಖಂಡಿಯಲ್ಲಿ ಹಿಡಿದಾಗ ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಎದುರಿನ ಹೋಟೆಲಿನಲ್ಲಿ ನನಗೂ ಪೂರಿ ತಿನ್ನಿಸಿ, ಸಂಭ್ರಮದಿಂದಲೇ ಊರಿಗೆ ಮರಳಿದ್ದ.

ಅಪ್ಪ ಹಿರಿಯರಲ್ಲಿ ಹಿರಿಯರು. ಅವರ ಅಧ್ಯಕ್ಷತೆಯಲ್ಲಿ ಮೊದಲ ಕಾಯ್ದೆ ಹೊರಬಿತ್ತು. ಯಾರು ಊರೊಳಗೆ ಜೋರಾಗಿ ಗಾಡಿ ಹೊಡೆದು ಹಾನಿ ಮಾಡುತ್ತಾರೋ ಅವರು ಬೀರಪ್ಪನ ಮುಂದೆ ಕಾಯಿ ಒಡೆದು, ಹಣೆಗೆ ಭಂಡಾರ ಹಚ್ಚಿಕೊಂಡು, ಹಿರಿಯರ ಎದುರು ತಪ್ಪಾಯಿತು ಅನ್ನಬೇಕು. ಕಾಕಾ ಬಹಳ ಭಕ್ತಿಯಿಂದ ಕಾಯಿ ಒಡೆದ. ಎಷ್ಟು ಭಕ್ತಿಯೆಂದರೆ ಮುಂದಿನ ವಾರ ಅವನ ಟೂಲ್ ಬಾಕ್ಸಿನಲ್ಲಿ ಪಾನಾಗಳ ಜೊತೆ ಕಾಯಿಗಳೂ ಇದ್ದವು. ಕಾರ್ಖಾನೆಗೆ ಹೊರಡುವ ಮುಂಚೆ ಗುಡಿಯ ಮುಂದೆ ಒಂದು ಒಡೆದೇ ಹೋಗತೊಡಗಿದ. ಇದೇನು ಎಂದು ಅಪ್ಪ ಕೇಳಿದರೆ, ಇವತ್ತಿನದು ಮುಂಗಡ ಎಂದ.

ಕಾಯ್ದೆ ಬಿಗಿ ಮಾಡಬೇಕಾಯಿತು. ಇಲ್ಲಿಯೇ ನಮ್ಮೂರು ಒಂದು ದೊಡ್ಡ ತಪ್ಪು ಮಾಡಿತು. ಬೇರೆ ಊರಿನವರು ಇಂಥ ತಪ್ಪು ಮಾಡಲಾರರು. ತಪ್ಪು ಮಾಡಿದವನು ಊರಿಗೆಲ್ಲ ಗೋಧಿ ಹುಗ್ಗಿಯ ಊಟ ಹಾಕಬೇಕೆಂದು ತೀರ್ಮಾನವಾಯಿತು. ಈ ತಿದ್ದುಪಡಿ ತಂದವರು ಕಿರಾಣಿ ಅಂಗಡಿಯ ಹಿರಿಯರು. ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ತೂಕ. ಊರಿನಲ್ಲಿ ಗೋಧಿ, ಬೆಲ್ಲ, ಗಸಗಸೆ ಸಿಗುತ್ತಿದ್ದದ್ದು ಅವರೊಬ್ಬರ ಅಂಗಡಿಯಲ್ಲಿಯೇ ಎಂಬುದನ್ನು ನಾನು ಇಲ್ಲಿ ಕೇವಲ ಸಂದರ್ಭಕ್ಕಾಗಿ ಹೇಳುತ್ತಿದ್ದೇನೆ. ಶಿಕ್ಷೆ ಕಠಿಣವಾದಷ್ಟೂ ಸಮಾಜ ಸುಧಾರಿಸುತ್ತದೆ ಎಂದು ಅವರು ಮನಸಾರೆ ನಂಬಿದ್ದರು.

ಕಾಕಾ ಒಂದು ಕುರಿಮರಿಯ ಕಾಲು ಮುರಿದು ಮೊದಲ ಹುಗ್ಗಿ ಹಾಕಿದ. ಊರು ಉಂಡಿತು. ಉಂಡು ಎದ್ದವರು ಅವನ ಬೆನ್ನು ಚಪ್ಪರಿಸಿ, ಹುಗ್ಗಿಯಲ್ಲಿ ತುಪ್ಪ ತೋರಿತೆಂದು ಹೊಗಳಿದರು. ಮುದುಕಿಯರು ಕೈಯೆತ್ತಿ ಹರಸಿದರು. ಅಪರಾಧಿ ಪಂಕ್ತಿಯ ನಡುವೆ ಬಕೆಟ್ಟು ಹಿಡಿದು, ಇನ್ನೊಂದು ಸೌಟು ಹಾಕಲೇನು ಎಂದು ಕೇಳುತ್ತ ಓಡಾಡಿದ. ಮದುವೆಯಲ್ಲೂ ಅವನ ಮುಖದಲ್ಲಿ ಅಂಥ ಕಳೆ ಇರಲಿಲ್ಲವೆಂದು ಅವನ ಹೆಂಡತಿ, ನಮ್ಮ ಚಿಗವ್ವ, ಹೇಳಿದಳು. ಶಿಕ್ಷೆಯ ಗುಣವೇ ಹೀಗೆ ಬದಲಾದ ಮೇಲೆ ಉಳಿದ ಟ್ರ್ಯಾಕ್ಟರಿನವರೂ ಹಿಂದೆ ಬೀಳಲಿಲ್ಲ. ಯಾರ ಹುಗ್ಗಿ ಹೆಚ್ಚು ರುಚಿ ಎಂಬ ಚರ್ಚೆ ನಡೆಯತೊಡಗಿತು. ಕೆಲವು ಮನೆಯವರು ಮೊಟ್ಟೆ ಇಡುವುದನ್ನು ಬಿಟ್ಟ ಮುದಿ ಕೋಳಿಗಳನ್ನು ರಸ್ತೆಯ ಕಡೆಗೇ ಅಟ್ಟುತ್ತಾರೆಂಬ ಗುಮಾನಿಯೂ ಇತ್ತು. ಕಾನೂನು ಇನ್ನೂ ಬಿಗಿಯಾಗಬೇಕೆಂಬ ಕೂಗು ಎದ್ದಿತು, ಹುಗ್ಗಿಯ ಜೊತೆ ಹೋಳಿಗೆಯೂ ಇರಲಿ ಎಂದು. ಆ ಸಭೆಯಲ್ಲಿ ಒಪ್ಪದಿದ್ದವರು ಅಪ್ಪ ಒಬ್ಬರೇ. ಅವರಿಗೆ ಹೋಳಿಗೆ ಸೇರುವುದಿಲ್ಲವೆಂದು ಊರು ಅರ್ಥ ಮಾಡಿಕೊಂಡಿತು.

ಅಪ್ಪ ಆ ರಾತ್ರಿ ನನ್ನೊಡನೆ ಕೂತು ಬೇರೆ ಮಾತು ಆಡಿದರು. ಎಲ್ಲರೂ ಹುಗ್ಗಿ ಉಣ್ಣುತ್ತಿದ್ದಾರೆ, ನನಗೆ ಮಾತ್ರ ಪ್ರತಿ ತುತ್ತಿನಲ್ಲೂ ಅವ್ವ ಕಾಣುತ್ತಾಳೆ ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ಸಂಜೆ ಅಪ್ಪನೂ ನಾನೂ ಗುಡಿಯ ಕಟ್ಟೆಯ ಮೇಲೆ, ಕಲ್ಲು ಕಿತ್ತ ಮೂಲೆಯನ್ನು ಬಿಟ್ಟು ಕೂತಿದ್ದೆವು. ಮರುದಿನದಿಂದ ಎರಡು ದಿನ ಕಾರ್ಖಾನೆ ಬಂದ್ ಎಂದು ಸುದ್ದಿಯಾಗಿದ್ದರಿಂದ ಟ್ರ್ಯಾಕ್ಟರಿನವರೆಲ್ಲ ಹೊತ್ತು ಮುಳುಗುವುದರೊಳಗೆ ಹೊರಡಬೇಕೆಂದು ಒದ್ದಾಡುತ್ತಿದ್ದರು. ಆಯಿ ಕಾಲುವೆ ಏರಿಯಿಂದ ಕುರಿ ಹೊಡೆದುಕೊಂಡು ಬಂದಳು. ಕುರಿಗಳು ತಿರುವಿನಲ್ಲಿ ರಸ್ತೆಗೆ ಇಳಿದವು. ಹಿಂದೆ ಕೋಲು ಊರಿಕೊಂಡು ಆಯಿ ಇಳಿದಳು. ಆಗ ಕಬ್ಬಿನ ಆಚೆಯಿಂದ ಡೆಕ್ಕಿನ ಸದ್ದು ಕೇಳಿಸಿತು.

ಅಪ್ಪ ಎದ್ದು ನಿಂತು ಕೂಗಿದರು. ಯಾರಿಗೆ ಕೂಗಿದರೋ ಈಗಲೂ ನನಗೆ ತಿಳಿಯದು. ಕೂಗು ಕೇಳಬೇಕಾದ ಇಬ್ಬರಿಗೂ ಅದು ಕೇಳುವಂತಿರಲಿಲ್ಲ.

ಟ್ರ್ಯಾಕ್ಟರ್ ತಿರುವಿಗೆ ಬಂತು. ಕಾಕಾನಿಗೆ ಮೊದಲು ಕಂಡದ್ದು ಕುರಿ, ಆಮೇಲೆ ಆಯಿಯ ಕಂಬಳಿ. ಅವನು ಸ್ಟೇರಿಂಗನ್ನು ಮೈಯೆಲ್ಲ ಹಾಕಿ ತಿರುಗಿಸಿದ. ಇಂಜಿನ್ನು ನಮ್ಮದೇ ಕಬ್ಬಿನೊಳಗೆ ನುಗ್ಗಿ ನಿಂತಿತು. ಹಿಂದಿನ ಟ್ರೇಲರ್ ಮಾತ್ರ ರಸ್ತೆಯ ಮೇಲೆಯೇ ಮಗ್ಗುಲಾಗಿ ಬಿದ್ದು, ಅದರ ಕಬ್ಬಿನ ರಾಶಿ ಸುರಿದು ಜಾರಿ, ಆಯಿಯ ಕಾಲಿನ ಹತ್ತಿರ ಬಂದು ನಿಂತಿತು. ಕುರಿಗಳು ಒಂದು ಕ್ಷಣ ಚದುರಿದವು. ಮರುಕ್ಷಣ ತಿರುಗಿ ಬಂದು ಕಬ್ಬಿನ ಸುಳಿಗೆ ಬಾಯಿ ಹಾಕಿದವು. ಡೆಕ್ಕು ಹಾಡುತ್ತಲೇ ಇತ್ತು.

ಆಯಿ ಆಗ ತಿರುಗಿ ನೋಡಿದಳು. ಬಿದ್ದ ಕಬ್ಬು, ತಿನ್ನುವ ಕುರಿ, ಕಬ್ಬಿನೊಳಗಿಂದ ಹೊರಗೆ ಬರುತ್ತಿದ್ದ ಮಗ. ಆಕೆಯ ಮುಖ ಅರಳಿತು.

"ಕುರಿಗೆ ಕಬ್ಬು ತಂದಿಯೇನೋ? ಛಲೋ ಮಾಡಿದಿ ನೋಡು" ಅಂದಳು.

ಕಾಕಾ ನಿಂತೇ ಇದ್ದ.  ಆಮೇಲೆ ತಿರುಗಿ ಹೋಗಿ ಡೆಕ್ಕು ಆರಿಸಿದ. ಆಯಿ ಮಗನ ಔದಾರ್ಯವನ್ನು ಕುರಿಗಳಿಗೆ ಹೇಳುತ್ತ ನಿಧಾನಕ್ಕೆ ದಡ್ಡಿಗೆ ಹೋದಳು.

ಮರುದಿನ ಮುಂಜಾನೆ ಹಿರಿಯರು ಸೇರಿದರು. ಕಿರಾಣಿ ಅಂಗಡಿಯ ಹಿರಿಯರು ಬೆಲ್ಲದ ಪೆಂಟೆಗಳನ್ನು ಆಗಲೇ ಬೇರೆ ಇಡಿಸಿ ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ಕಾಕಾ ಕಟ್ಟೆಯ ಕೆಳಗೆ ನಿಂತ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

"ಹುಗ್ಗಿ ಬ್ಯಾಡ್ರಿ" ಅಂದ. "ನೀವು ಉಂಡು ನನಗ ಛಲೋ ಅಂತೀರಿ. ನನಗ ತಡಕೊಳ್ಳಾಕ ಆಗೂದಿಲ್ಲ. ಬ್ಯಾರೆ ಏನರೆ ಹಾಕ್ರಿ."

ಕಟ್ಟೆಯ ಇತಿಹಾಸದಲ್ಲಿ ಅಪರಾಧಿಯೇ ಶಿಕ್ಷೆ ಸಾಲದೆಂದು ಅರ್ಜಿ ಹಾಕಿದ್ದು ಅದೇ ಮೊದಲು. ಹಿರಿಯರು ಪೇಚಿಗೆ ಬಿದ್ದರು. ಸರಕಾರದ ಕಾನೂನು ಏನನ್ನುತ್ತದೆಂದು ನನ್ನನ್ನು ಕೇಳಿದರು. ನಾನು ಎದ್ದು ನಿಂತು, ಕಪ್ಪು ಕೋಟಿನ ಕೊರತೆಯನ್ನು ದನಿಯಲ್ಲಿ ತುಂಬಿಕೊಂಡು, ಅಡ್ಡಾದಿಡ್ಡಿ ಗಾಡಿ ಓಡಿಸಿದರೆ ಆರು ತಿಂಗಳವರೆಗೆ ಜೈಲು ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ, ಎಂದೆ. ಸಾವಿರಕ್ಕೆ ಊರಿಗೆಲ್ಲ ಹುಗ್ಗಿಯೂ ಆಗುವುದಿಲ್ಲವಲ್ಲ ಎಂದು ಒಬ್ಬರು ನೊಂದುಕೊಂಡರು. ನಾನು ಕೂತೆ.

 ಅಪ್ಪ ತಮ್ಮನ ಮುಖ ನೋಡದೆ, ರಸ್ತೆಯ ಕಡೆ ನೋಡುತ್ತ ಹೇಳಿದರು.

"ನಿನ್ನಿ ಏನ ಆಗೂದಿತ್ತು ಅನ್ನೂದು ಅವ್ವಗ ಗೊತ್ತಿಲ್ಲ. ಕುರಿಗೆ ಕಬ್ಬು ತಂದಾನ ಅಂತ ಓಣಿ ತುಂಬ ಹೇಳಕೋತ ಹೊಂಟಾಳ. ನೀನ ಹೋಗಿ ಖರೆ ಹೇಳಿ ಬಾ."

ಕಾಕಾ ತಲೆಯೆತ್ತಿದ. "ಅಣ್ಣಾ, ಅದೊಂದ ಬ್ಯಾಡ" ಅಂದ.

ಅಪ್ಪ ಎದ್ದು ಹೆಗಲ ಮೇಲಿನ ಟಾವೆಲ್ಲು ಕೊಡವಿದರು. ನಮ್ಮ ಕಟ್ಟೆಯ ಮೇಲೆ ಅದರ ಅರ್ಥ ಮೇಲ್ಮನವಿ ತಿರಸ್ಕೃತ ಎಂದು.

ಕಿವಿ ಕೇಳದ ತಾಯಿಗೆ ಗುಟ್ಟಾಗಿ ತಪ್ಪೊಪ್ಪಿಕೊಳ್ಳಲು ಬರುವುದಿಲ್ಲ. ಈ ಶಿಕ್ಷೆಯ ನಿಜವಾದ ಬಿಗಿ ಅಲ್ಲಿತ್ತು. ಕಾಕಾ ದಡ್ಡಿಯ ಕಡೆ ನಡೆದ. ಊರು ಅವನ ಹಿಂದೆ ಮರ್ಯಾದೆಯ ಅಂತರ ಬಿಟ್ಟು, ಆದರೆ ಒಂದು ಮಾತೂ ತಪ್ಪದಷ್ಟು ಹತ್ತಿರದಲ್ಲಿ ನಡೆಯಿತು. ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕೆಂಬುದು ಸಂವಿಧಾನದ ಆಶಯವೂ ಹೌದು. ಆಯಿ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕಿವಿಯಲ್ಲಿಯ ಉಣ್ಣಿ ಹುಳು ಕೀಳುತ್ತಿದ್ದಳು. ಕಾಕಾ ಕುಕ್ಕುರುಗಾಲಲ್ಲಿ ಕೂತು ಬಲಗಿವಿಯ ಹತ್ತಿರ ಮೆಲ್ಲಗೆ ಏನೋ ಅಂದ. ಗಟ್ಟಿಯಾಗಿ ಹೇಳು ಎಂದು ಆಕೆ ಕೈಮಾಡಿದಳು. ಮತ್ತೆ ಅಂದ. ಮತ್ತೆ ಕೈಮಾಡಿದಳು.

"ಯವ್ವಾ, ನಿನ್ನಿ ನೀ ನನ್ನ ಟ್ರ್ಯಾಕ್ಟರ್ ಕೆಳಗ ಸಿಗತಿದ್ದಿ ಬೇ."

ಈ ಸಲ ಊರಿಗೆಲ್ಲ ಕೇಳಿಸಿತು. ಆಯಿಯ ಕೈ ಮರಿಯ ಕಿವಿಯ ಮೇಲೆಯೇ ನಿಂತಿತು.

"ಕಬ್ಬು ಕುರಿಗೆ ತಂದಿದ್ದಲ್ಲೇನು?"

"ಅಲ್ಲ ಬೇ. ಬಿತ್ತು. ನಾ ಜೋರ್ ಹೊಡಕೊಂಡ ಬಂದಿದ್ನಿ. ಕಬ್ಬು ಅಡ್ಡ ಇತ್ತು, ನೀ ಕಾಣಲಿಲ್ಲ."

ಆಯಿ ಅವನನ್ನೇ ನೋಡಿದಳು. ಬೈಯುತ್ತಾಳೆಂದು ನಾವೆಲ್ಲ ಕಾದೆವು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಕಬ್ಬು ಅಡ್ಡ ಐತಿ ಅನ್ನೂದು ನಿನಗ ಗೊತ್ತಿತ್ತು" ಅಂದಳು. "ಆ ಹೊತ್ತಿನಾಗ ನಾ ಅಲ್ಲಿ ಇರ್ತೇನಿ ಅನ್ನೂದೂ ಗೊತ್ತಿತ್ತಲ್ಲೋ."

ಕಾಕಾ ತಲೆ ಕೆಳಗೆ ಹಾಕಿದ. ಅವನ ಭುಜ ಅಲ್ಲಾಡತೊಡಗಿತು. ಊರು ಆಗ ಆಕಾಶ, ಬೇಲಿ, ತಮ್ಮ ತಮ್ಮ ಚಪ್ಪಲಿ ನೋಡತೊಡಗಿತು. ಕಿರಾಣಿ ಅಂಗಡಿಯ ಹಿರಿಯರು ಮೊದಲು ತಿರುಗಿ ಹೋದರು. ಅವರ ಕಣ್ಣಿಗೂ ಏನೋ ಬಿದ್ದಿತ್ತು.

ಆಯಿ ಮರಿಯನ್ನು ಕೆಳಗೆ ಬಿಟ್ಟು, ಕೋಲನ್ನು ಅವನ ಕೈಗೆ ಕೊಟ್ಟಳು. ಇವತ್ತು ಕುರಿ ನೀನೇ ಹೊಡಿ, ಆ ರಸ್ತೆ ದಾಟುವುದೆಂದರೆ ಏನೆಂದು ನೋಡು ಎಂದಳು. ಕಾರ್ಖಾನೆ ಬಂದ್ ಇದ್ದರೂ ರಸ್ತೆಗೆ ಬಂದ್ ಇರಲಿಲ್ಲ. ಕಾಕಾ ಹೆಗಲಿಗೆ ಆಯಿಯ ಕಂಬಳಿ ಹಾಕಿಕೊಂಡು ಕುರಿಗಳನ್ನು ತಿರುವಿಗೆ ಇಳಿಸಿ ಅರ್ಧ ದಾಟಿಸಿದ್ದ. ಅಷ್ಟರಲ್ಲಿ ಯಾರದೋ ಖಾಲಿ ಟ್ರ್ಯಾಕ್ಟರ್ ಧಡಧಡ ಎನ್ನುತ್ತ ಕಬ್ಬಿನ ಮರೆಯಿಂದ ಬಂತು. ಕಾಕಾ ಕೋಲೆತ್ತಿ ನಡುರಸ್ತೆಯಲ್ಲಿ ನಿಂತ. ಟ್ರ್ಯಾಕ್ಟರ್ ನಿಂತಿತು. ಅವನು ಆ ಡ್ರೈವರನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನನಗೆ ಅಚ್ಚರಿಯಾದದ್ದು ಬೇರೆಯದಕ್ಕೆ. ಅವು ಒಂದಕ್ಷರ ಬಿಡದೆ ಅಪ್ಪ ವರ್ಷಗಳಿಂದ ಅವನಿಗೆ ಅನ್ನುತ್ತ ಬಂದ ಮಾತುಗಳೇ ಆಗಿದ್ದವು. ಇಷ್ಟು ದಿನ ಡೆಕ್ಕಿನ ಗದ್ದಲದಲ್ಲಿ ಒಂದೂ ಕೇಳಿಸಿಲ್ಲವೆಂದು ನಾವು ತಿಳಿದಿದ್ದೆವು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅಪ್ಪ ಕಟ್ಟೆಯ ಮೇಲಿಂದ ಕೇಳಿಸಿಕೊಂಡರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಪಾಠ ಆಗೇತಿ" ಎಂದಷ್ಟೇ ಅಂದರು.

ಅದೇ ದಿನ ಮಧ್ಯಾಹ್ನ ಕಾಕಾ ಕುಡಗೋಲು ಹಿಡಿದು ತಿರುವಿನ ಮೂಲೆಯ ಕಬ್ಬಿಗೆ ಬಿದ್ದ. ಕಟಾವಿಗೆ ಇನ್ನೂ ದಿನಗಳಿದ್ದವು, ಗ್ಯಾಂಗಿನವರನ್ನು ಕರೆಯಬಹುದಿತ್ತು. ಅವನು ಯಾರನ್ನೂ ಕರೆಯಲಿಲ್ಲ. ಸಂಜೆಯ ಹೊತ್ತಿಗೆ ಆಚೆಯ ಗುಡ್ಡ ಮತ್ತೆ ಕಂಡಿತು. ಕಡಿದ ಕಬ್ಬನ್ನು ಕಾರ್ಖಾನೆಗೂ ಕಳಿಸಲಿಲ್ಲ. ಹೊತ್ತು ತಂದು ದಡ್ಡಿಯ ಮುಂದೆ ಒಟ್ಟಿದ. ಈ ಸಲ ಅದು ಖರೆಯೇ ಕುರಿಗೆ ತಂದ ಕಬ್ಬು.  ಆಯಿ ಒಂದು ಜಲ್ಲೆ ಎತ್ತಿ ಅವನಿಗೇ ತಿನ್ನಲು ಕೊಟ್ಟಳು.

ಹುಗ್ಗಿಯ ಕಾಯ್ದೆ ಅಲ್ಲಿಗೆ ಬಿದ್ದುಹೋಯಿತು. ಯಾರೂ ರದ್ದು ಮಾಡಲಿಲ್ಲ, ಯಾರೂ ಎತ್ತಲೂ ಇಲ್ಲ. ಮುಂದೆ ಬೇರೆ ಟ್ರ್ಯಾಕ್ಟರಿನವನೊಬ್ಬ ಒಂದು ಮೇಕೆಗೆ ಗಾಡಿ ಹಾಯಿಸಿದಾಗ ಹಿರಿಯರು, ಮೊದಲು ನಿಮ್ಮವ್ವಗ ಹೇಳಿ ಬಾ ಎಂದರು. ಅವನ ಅವ್ವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಹೇಳಿ ಮುಗಿಸುವ ಮೊದಲೇ ಆಕೆ ಲಟ್ಟಣಿಗೆ ತೆಗೆದುಕೊಂಡಳಂತೆ. ನ್ಯಾಯದಾನದಲ್ಲಿ ಇಂಥ ಸಣ್ಣಪುಟ್ಟ ವ್ಯತ್ಯಾಸಗಳು ಇದ್ದದ್ದೇ.

ಆಯಿ ಆಮೇಲೂ ಹಲವು ವರ್ಷ ಕುರಿ ಕಾಯ್ದಳು. ಕೊನೆಗೆ ತನ್ನ ಕಂಬಳಿಯ ಮೇಲೆಯೇ, ಹಗಲು ಹೊತ್ತಿನಲ್ಲಿ, ಯಾರಿಗೂ ತೊಂದರೆ ಕೊಡದೆ ಹೋದಳು. ಕುರಿಗಳನ್ನು ನೆಂಟರಿಗೆ ಕೊಟ್ಟೆವು. ದಡ್ಡಿಯ ಜಾಗದಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಆ ತಿರುವಿನಲ್ಲಿ ದಾಟುವವರು ಈಗ ಯಾರೂ ಇಲ್ಲ.

ಕಾಕಾನ ಫೋನು ಬಂದ ವಾರ ನಾನು ಕಾರು ತೆಗೆದುಕೊಂಡು ಊರಿಗೆ ಹೋದೆ. ರಸ್ತೆಯ ಎರಡೂ ಬದಿಗೆ ಕಬ್ಬು ಗೋಡೆ ಕಟ್ಟಿದಂತೆ ನಿಂತಿತ್ತು. ನಮ್ಮ ತಿರುವು ಬಂದಾಗ ಮಾತ್ರ ಗೋಡೆ ತಟ್ಟನೆ ಮುಗಿದು ಬಯಲಾಯಿತು. ಮೂಲೆಯ ಹೊಲದಲ್ಲಿ ಮೊಣಕಾಲಿಗೂ ಬರದ ಶೇಂಗಾ ಬೆಳೆ, ಅದರ ಆಚೆ ರಸ್ತೆ ಉದ್ದಕ್ಕೂ ಸ್ವಚ್ಛವಾಗಿ ಕಾಣುತ್ತಿತ್ತು. ಒಂದು ವರ್ಷ ಶೇಂಗಾ, ಒಂದು ವರ್ಷ ಕಡಲೆ. ಅಂದಿನಿಂದ ಅಲ್ಲಿ ಕಬ್ಬು ಹಚ್ಚಿಲ್ಲ. ಕಾಲುವೆಗೆ ಹತ್ತಿದ ಕಪ್ಪು ಎರಿ ಭೂಮಿ ಅದು, ಇಡೀ ಊರಿನಲ್ಲಿ ಅಂಥ ನೆಲವಿಲ್ಲ. ಕಾರ್ಖಾನೆಯ ಕಡೆಯ ಹೊಸ ಹುಡುಗರು ಕಬ್ಬಿನ ಲೆಕ್ಕ ಬರೆದುಕೊಳ್ಳಲು ಬಂದು, ಈ ಮೂಲೆಯನ್ನು ಯಾಕೆ ಬಿಟ್ಟಿದ್ದೀರಿ ಎಂದು ಪ್ರತಿ ವರ್ಷ ಕೇಳುತ್ತಾರೆ. ಅವತ್ತೂ ಒಬ್ಬ ಕೇಳಿದ.

"ಅಲ್ಲಿ ಕಬ್ಬು ಬರೂದಿಲ್ರಿ" ಅಂದ ಕಾಕಾ. "ನೆಲ ಸರಿ ಇಲ್ಲ."

ಹುಡುಗ ಖಾತ್ರಿ ಮಾಡಿಕೊಳ್ಳಲು ಅಪ್ಪನ ಕಡೆ ನೋಡಿದ. ಸುಳ್ಳು ಸಾಕ್ಷಿಯ ವಿರುದ್ಧ ಜೀವನವಿಡೀ ಮಾತಾಡಿದ ಅಪ್ಪ ಹೌದೆಂದು ಗೋಣು ಹಾಕಿದರು. ಆಮೇಲೆ ಆ ಹುಡುಗ ವಕೀಲನಾದ ನನ್ನ ಕಡೆ ನೋಡಿದ. ನಾನೂ ಹಾಕಿದೆ.